ಆಷಾಢದ ತಾಯಿ

ಟಿಣ್ ಟಿಣ್.

ಲಂಡನ್ನಿನ ದಕ್ಷಿಣ ಅಂಚಿನಲ್ಲಿ ಲೆಬನಾನ್ ರೋಡ್ ನಿಲ್ದಾಣ ಬಿಟ್ಟು ಈಸ್ಟ್ ಕ್ರೋಯ್ಡನ್ ಕಡೆಗೆ ಹೊರಟ ಟ್ರಾಮು ಆ ಒಂದು ಜಾಗದಲ್ಲಿ ಎರಡು ಸಲ ಗಂಟೆ ಬಾರಿಸುತ್ತದೆ. ಹಳಿಗೆ ಅಡ್ಡ ಯಾರೂ ಬಂದಿರುವುದಿಲ್ಲ. ಸೈಕಲ್ಲಿನವನಿಲ್ಲ, ಮಗುವಿನ ಗಾಡಿ ತಳ್ಳುವವರಿಲ್ಲ, ಫೋನು ನೋಡುತ್ತ ರಸ್ತೆ ದಾಟುವ ಹುಡುಗರೂ ಇಲ್ಲ. ಆದರೆ ಟ್ರಾಮು ಓಡಿಸುತ್ತಿರುವವಳು ಸುಗಂಧಿಯಾಗಿದ್ದರೆ ಅಲ್ಲಿ ಗಂಟೆ ಬಾರಿಸಲೇಬೇಕು. ಯಾಕೆಂದರೆ ಬಲಗಡೆಯ ಇಟ್ಟಿಗೆ ಬಣ್ಣದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಬಾಲ್ಕನಿಯ ಸರಳುಗಳ ನಡುವೆ ಮೂಗು ತೂರಿಸಿಕೊಂಡು ಗಾರ್ಗಿ ನಿಂತಿರುತ್ತಾಳೆ. ಊರಿನ ಟ್ರಾಮುಗಳೆಲ್ಲ ತನಗೊಂದು ನಮಸ್ಕಾರ ಹಾಕಿಯೇ ಮುಂದಕ್ಕೆ ಹೋಗುತ್ತವೆ ಎಂದು ನಾಲ್ಕು ವರ್ಷದ ಗಾರ್ಗಿಯ ನಂಬಿಕೆ.

"ಅಪ್ಪೇ!" ಎಂದು ಅವಳು ಕೂಗುವುದು ಗಾಜಿನ ಒಳಗೆ ಕೂತ ಸುಗಂಧಿಗೆ ಕೇಳಿಸುವುದಿಲ್ಲ. ಬಾಯಿ ತೆರೆದದ್ದು ಕಾಣುತ್ತದೆ. ಅಷ್ಟು ಸಾಕು. ಅಪ್ಪೆ ಅಂದರೆ ತುಳುವಿನಲ್ಲಿ ಅಮ್ಮ. ಸುಗಂಧಿ ತನ್ನ ತೀರಿಹೋದ ತಾಯಿಯನ್ನು ಕರೆಯುತ್ತಿದ್ದದ್ದು ಹಾಗೆ. ಮನೆಯಲ್ಲಿ ಅಮ್ಮಂದಿರು ಇಬ್ಬರಿದ್ದದ್ದರಿಂದ ಹೆತ್ತ ಸ್ಮೃತಿಗೆ 'ಅಮ್ಮ' ಹೋಯಿತು, ಸುಗಂಧಿಯ ಪಾಲಿಗೆ 'ಅಪ್ಪೆ' ಬಂತು. ಆ ಹಂಚಿಕೆಯಲ್ಲಿ ಮನೆಯೊಳಗೆ ಯಾರಿಗೂ ತಕರಾರು ಇರಲಿಲ್ಲ.

ಜುಲೈ ತಿಂಗಳ ಆ ಮಧ್ಯಾಹ್ನ ಗಾರ್ಗಿಯ ಪಕ್ಕದಲ್ಲಿ ವೇದವತಿಯೂ ನಿಂತಿದ್ದರು. ಸ್ಮೃತಿಯ ತಾಯಿ, ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಗಾರ್ಗಿ ಎರಡೂ ಕೈ ಎತ್ತಿ ಬೀಸಿದಳು. ವೇದವತಿ ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡವರು ಟ್ರಾಮಿನತ್ತ ಒಮ್ಮೆ ನೋಡಿ, ಮೋಡ ಎಷ್ಟಿದೆ ಎಂದು ಅಳೆಯುವವರಂತೆ ಮುಖ ಮೇಲಕ್ಕೆ ಮಾಡಿದರು.

ಸುಗಂಧಿ ಇನ್ನೊಮ್ಮೆ ಗಂಟೆ ಬಾರಿಸಿದಳು. ಈ ಸಲದ್ದು ವೇದವತಿಗೆ.

ಮರುದಿನ ಬೆಳಿಗ್ಗೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. ನ್ಯಾಯಾಧೀಶರು ಒಪ್ಪಿದರೆ ಸುಗಂಧಿ ಕಾನೂನಿನ ಪ್ರಕಾರವೂ ಗಾರ್ಗಿಯ ತಾಯಿ. ಅಲ್ಲಿಯವರೆಗೆ ಅವಳು ಆ ಮಗುವಿನ ತಾಯಿಯನ್ನು ಮದುವೆಯಾದ ಹೆಂಗಸು, ಅಷ್ಟೇ.

*

ಸುಗಂಧಿ ಲಂಡನ್ನಿಗೆ ಬಂದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅಪ್ಪ ಐತಪ್ಪ ಉಡುಪಿಯ ಕಡೆಯವರು. ಕಿಂಗ್ಸ್‌ಬರಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಅರ್ಧ ಆಯುಷ್ಯ ಕಳೆದವರು. ಹಗಲೆಲ್ಲ ಊರಿಗೆ ಮಸಾಲೆ ದೋಸೆ ತಿನ್ನಿಸಿ, ಮನೆಗೆ ಬಂದು ಬಂಗುಡೆ ಸಾರಿನಲ್ಲಿ ಕೈಯಾಡಿಸಿದರೆ ಮಾತ್ರ ಅವರಿಗೆ ಊಟ ಮಾಡಿದಂತೆ ಆಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಬೆಳೆಸಿದ್ದು ಅವರೊಬ್ಬರೇ. ಮಗಳು ಬಸ್ಸು ಓಡಿಸುತ್ತೇನೆ ಎಂದಾಗ ಸರಿ ಅಂದರು, ಆಮೇಲೆ ಟ್ರಾಮು ಎಂದಾಗಲೂ ಸರಿ ಅಂದರು. ಹುಡುಗಿಯೊಬ್ಬಳನ್ನು ಪ್ರೀತಿಸುತ್ತೇನೆ ಎಂದು ಅವಳು ಹೇಳಿದ ದಿನ ಅವರು ಮನೆಯ ಒಲೆಯ ಮುಂದೆ ನೀರುದೋಸೆ ಹೊಯ್ಯುತ್ತಿದ್ದರು. ಕಾವಲಿಯ ಮೇಲಿದ್ದ ದೋಸೆಯನ್ನು ಮಡಚಿ ತಟ್ಟೆಗೆ ಹಾಕಿದರು.

"ಯಾವ ಊರಿನವಳು?" ಎಂದು ಕೇಳಿದರು.

"ಮೈಸೂರು."

"ಮೀನು ತಿಂತಾಳಾ?"

"ಇಲ್ಲ ಅಪ್ಪ."

ಐತಪ್ಪ ಸಟ್ಟುಗ ಕೆಳಗಿಟ್ಟರು. "ಅದೊಂದು ಸ್ವಲ್ಪ ಕಷ್ಟ ಉಂಟು ಮಾರಾಯ್ತಿ."

ಅವರ ಕಡೆಯಿಂದ ಬಂದ ಆಕ್ಷೇಪ ಅದೊಂದೇ.

ಮೈಸೂರಿನಲ್ಲಿ ಅದು ಅಷ್ಟು ಸುಲಭವಾಗಿರಲಿಲ್ಲ. ವೇದವತಿ ಬೈಯಲಿಲ್ಲ, ಅಳಲಿಲ್ಲ, ಫೋನು ಇಡಲೂ ಇಲ್ಲ. ಮಾತು ಬದಲಾಯಿಸಿದರು. ಸ್ಮೃತಿ ಸುಗಂಧಿಯ ಹೆಸರೆತ್ತಿದರೆ ಅಲ್ಲಿ ಚಳಿ ಹೇಗಿದೆ ಎಂದು ಕೇಳುತ್ತಿದ್ದರು. ಬೆಂಗಳೂರಿನ ಕಂಪನಿಯೊಂದು ಕಳಿಸಿದ್ದಕ್ಕೆ ಲಂಡನ್ನಿಗೆ ಬಂದು ಇಲ್ಲೇ ನೆಲೆನಿಂತ ಮಗಳು, ಸಾವಿರ ಜನರಿಗೆ ಕಂಪ್ಯೂಟರಿನ ಕೆಲಸವನ್ನು ಅರ್ಥ ಮಾಡಿಸಬಲ್ಲ ಮಗಳು, ತನ್ನ ತಾಯಿಗೆ ಈ ಒಂದು ವಿಷಯವನ್ನು ಅರ್ಥ ಮಾಡಿಸಲಾರದೆ ವರ್ಷಗಟ್ಟಲೆ ಚಳಿಯ ವರದಿ ಕೊಟ್ಟಳು.

ಅಕ್ಷಯ ತೃತೀಯದ ದಿನ ಕಿಂಗ್ಸ್‌ಬರಿಯ ಮನೆಯಲ್ಲಿ ಇಬ್ಬರೂ ಹಾರ ಬದಲಾಯಿಸಿಕೊಂಡರು. ಐತಪ್ಪನ ಹೋಟೆಲಿನ ಗೆಳೆಯರು ಅಕ್ಷತೆ ಹಾಕಿದರು, ಒಬ್ಬರು ತಪ್ಪುತಪ್ಪಾಗಿ ಮಂತ್ರವನ್ನೂ ಹೇಳಿದರು. ಪಾಯಸಕ್ಕೆ ಸಕ್ಕರೆ ಹೆಚ್ಚಾಗಿತ್ತು. ಆ ದಿನದ ಮಟ್ಟಿಗೆ ತಮ್ಮ ಮದುವೆ ಮುಗಿಯಿತು ಎಂದೇ ಇಬ್ಬರೂ ತಿಳಿದರು. ಇನ್ನು ಉಳಿದದ್ದು ಕೌನ್ಸಿಲ್ ಎಂಬ ಊರಾಡಳಿತದ ಕಚೇರಿಗೆ ಹೋಗಿ ಸಹಿ ಹಾಕುವುದು. ಅದಕ್ಕೆ ಜುಲೈ ತಿಂಗಳಲ್ಲಿ ದಿನ ಸಿಕ್ಕಿತ್ತು.

ಆಗ ಮೈಸೂರಿನಿಂದ ಫೋನು ಬಂತು.

"ಸಹಿ ಹಾಕೋದು ಯಾವತ್ತು ಅಂದೆ?" ಎಂದು ವೇದವತಿ ಕೇಳಿದರು. ದಿನ ಹೇಳಿದ ಮೇಲೆ ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದು ಕೇಳಿಸಿತು. "ಆಷಾಢ ಬರತ್ತಲ್ಲೇ. ಇಷ್ಟೆಲ್ಲಾ ನಿಮ್ಮಿಷ್ಟದ ಹಾಗೇ ಮಾಡ್ಕೊಂಡಿದೀರ. ಅದೊಂದನ್ನಾದ್ರೂ ಶ್ರಾವಣಕ್ಕೆ ಇಟ್ಕೋ ಬಾರ್ದಾ?"

ಫೋನು ಇಟ್ಟ ಮೇಲೆ ಸ್ಮೃತಿ ಅತ್ತುಬಿಟ್ಟಳು. ಸಂತೋಷದ ಅಳು ಅದು. ಅಮ್ಮ ಮುಹೂರ್ತ ನೋಡಿದ್ದಾಳೆ! ಅಂದರೆ ಮದುವೆ ಅಂತ ಒಪ್ಪಿಕೊಂಡಿದ್ದಾಳೆ! ಸುಗಂಧಿಗೆ ಆಷಾಢವೂ ಒಂದೇ, ಆಗಸ್ಟೂ ಒಂದೇ. ಅವಳ ಕಣ್ಣೀರು ಒರೆಸಿ, "ಆಯ್ತು, ನಿನ್ನ ಅಮ್ಮ ಕೇಳಿದ್ದು ಒಂದೇ ಅಲ್ವಾ, ಕೊಡುವ," ಅಂದಳು. ಸಹಿಯ ದಿನ ಶ್ರಾವಣಕ್ಕೆ ಹೋಯಿತು.

ಆದರೆ ಇನ್ನೊಂದು ಕೆಲಸವನ್ನು ಅವರು ಮುಂದಕ್ಕೆ ಹಾಕಲಿಲ್ಲ. ಸ್ಮೃತಿಗೆ ಮೂವತ್ತೆಂಟು ದಾಟಿತ್ತು, ಮಗು ಬೇಕಿದ್ದರೆ ತಡ ಮಾಡಬೇಡಿ ಎಂದು ಜಿಪಿ, ಅಂದರೆ ಬಡಾವಣೆಯ ವೈದ್ಯರು, ಹೇಳಿದ್ದರು. ಕ್ಲಿನಿಕ್ಕಿನ ಸರತಿ ಉದ್ದವಿತ್ತು. ಸಟನ್ನಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ, ಮಂಗಳೂರಿನ ಗೆಳೆಯ ರೋಷನ್ ವೀರ್ಯ ಕೊಡಲು ತಾನಾಗಿ ಮುಂದೆ ಬಂದಿದ್ದ. ಜುಲೈ ತಿಂಗಳ ಒಂದು ಭಾನುವಾರ ಅವನು ಫ್ಲಾಟಿಗೆ ಬಂದು, ಬಚ್ಚಲುಮನೆಗೆ ಹೋಗಿ, ಒಂದು ಪುಟ್ಟ ಡಬ್ಬಿಯನ್ನು ಬೆಚ್ಚಗಿರಲೆಂದು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಸುಗಂಧಿಯ ಕೈಗೆ ಕೊಟ್ಟ. "ನಾನು ಕೆಳಗೆ ಕಾಫಿ ಕುಡೀತಾ ಇರ್ತೇನೆ. ಗೆದ್ರೆ ಮೆಸೇಜ್ ಮಾಡಿ," ಎಂದು ಹೊರಟುಹೋದ. ಉಳಿದದ್ದನ್ನು ಮಾಡಿದವಳು ಸುಗಂಧಿ. ಟ್ರಾಮಿನ ಮೊದಲ ಪರೀಕ್ಷೆಯ ದಿನವೂ ಅವಳು ಅಷ್ಟು ಎಚ್ಚರದಿಂದ ಕೈಯಾಡಿಸಿರಲಿಲ್ಲ.

ಗೆದ್ದರು. ಆಗಸ್ಟಿನಲ್ಲಿ ಸಹಿ ಹಾಕುವಾಗ ಸ್ಮೃತಿಗೆ ಆಗಲೇ ವಾಕರಿಕೆ ಶುರುವಾಗಿತ್ತು. ಏಪ್ರಿಲ್ ಮೊದಲ ವಾರ ಗಾರ್ಗಿ ಹುಟ್ಟಿದಳು. ಹೊಕ್ಕುಳ ಬಳ್ಳಿ ಕತ್ತರಿಸಿದವಳು ಸುಗಂಧಿ, ಮೊದಲ ಅಂಗಿ ತೊಡಿಸಿದವಳೂ ಅವಳೇ.

ಜನನ ನೋಂದಣಿಗೆ ಇಬ್ಬರೂ ಹೋದರು. ಕಿಟಕಿಯ ಪಕ್ಕ ಕೂತಿದ್ದ ನೋಂದಣಿ ಅಧಿಕಾರಿ ಒಳ್ಳೆಯ ಹೆಂಗಸು. ಮಗುವಿನ ಕಾಲು ಹಿಡಿದು ಆಡಿಸಿದಳು. ಆಮೇಲೆ ಮದುವೆಯ ದಿನಾಂಕ ನೋಡಿದಳು, ಹುಟ್ಟಿದ ದಿನಾಂಕ ನೋಡಿದಳು, ಬೆರಳಿನ ಗೆಣ್ಣಿನ ಮೇಲೆ ತಿಂಗಳು ಎಣಿಸಿದಳು. ಮಗುವಿನ ಕಾಲು ಬಿಟ್ಟಳು. ಗರ್ಭ ನಿಂತದ್ದು ಮದುವೆಗೆ ಮೊದಲೇ, ನಂತರವೇ ಎಂದು ಕೇಳಿದಳು. ಸುಳ್ಳು ಹೇಳಿ ಗೊತ್ತಿಲ್ಲದ ಸ್ಮೃತಿ, ಮೊದಲು, ಜುಲೈಯಲ್ಲಿ ಅಂದಳು. ಕ್ಲಿನಿಕ್ಕಿನಲ್ಲೇ? ಅಲ್ಲ, ಮನೆಯಲ್ಲಿ.

ಅಧಿಕಾರಿ ಪೆನ್ನು ಕೆಳಗಿಟ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಗರ್ಭ ನಿಂತ ಆ ದಿನ ಮದುವೆಯಾಗಿದ್ದಿದ್ದರೆ ಸುಗಂಧಿ ತಾನಾಗಿಯೇ ಎರಡನೆಯ ತಾಯಿ. ಆಗಿರಲಿಲ್ಲವಾದ್ದರಿಂದ ಅವಳು ಏನೂ ಅಲ್ಲ. ಅಕ್ಷಯ ತೃತೀಯದ ಹಾರಗಳನ್ನು ಈ ದೇಶ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾನೂನಿನ ಪ್ರಕಾರ ಈ ಮಗುವಿನ ಹೆತ್ತವರಲ್ಲಿ ಇನ್ನೊಬ್ಬರು ಇದ್ದರೆ ಅದು ರೋಷನ್.

"ನಾನು ಎಂತದ್ದು ಅಪ್ಪ ಮಾರಾಯ್ತಿ?" ಎಂದು ರೋಷನ್ ಫೋನಿನಲ್ಲಿ ಹೆದರಿ ಕಿರುಚಿದ. "ನನಗೆ ಒಂದು ಬೆಕ್ಕು ಸಾಕ್ಲಿಕ್ಕೆ ಆಗುದಿಲ್ಲ!"

ಆಷಾಢವನ್ನು ತಪ್ಪಿಸಲು ಹೋಗಿ ಇಬ್ಬರು ಹೆಂಗಸರು ರೋಷನ್ನನ್ನು ತಂದೆ ಮಾಡಿದ್ದರು, ಸುಗಂಧಿಯನ್ನು ಯಾರೂ ಅಲ್ಲದವಳನ್ನಾಗಿ ಮಾಡಿದ್ದರು.

*

ವಕೀಲರು ದಾರಿ ಹೇಳಿದರು. ಸ್ಮೃತಿ ಒಂದು ಒಪ್ಪಂದಕ್ಕೆ ಸಹಿ ಮಾಡಿದರೆ ಸುಗಂಧಿಗೆ ಮಗುವಿನ ಜವಾಬ್ದಾರಿ ಸಿಗುತ್ತದೆ. ಜಿಪಿಗೆ, ನರ್ಸರಿಗೆ ಅದು ಸಾಕು. ಆದರೆ ತಾಯಿ ಅನ್ನಿಸಿಕೊಳ್ಳಬೇಕಾದರೆ ದತ್ತು ತೆಗೆದುಕೊಳ್ಳಬೇಕು. ಕೌನ್ಸಿಲ್ಲಿನವರು ಮನೆಗೆ ಬಂದು ವಿಚಾರಿಸುತ್ತಾರೆ, ನ್ಯಾಯಾಲಯ ತೀರ್ಮಾನಿಸುತ್ತದೆ.

"ನನ್ನ ಮಗಳನ್ನ ನಾನೇ ದತ್ತು ತಗೊಳ್ಳುದಾ?" ಎಂದಳು ಸುಗಂಧಿ. "ಯಾರೋ ಬಂದು ನನ್ನ ಅಡುಗೆಮನೆ ನೋಡಿ ಪಾಸು ಮಾಡ್ಬೇಕಾ? ಬೇಡವೇ ಬೇಡ. ಕಾನೂನಿಗೆ ನಾನು ಕಾಣುದಿಲ್ಲ ಅಂತಾದ್ರೆ ಅದು ಕನ್ನಡಕ ಹಾಕ್ಕೊಳ್ಲಿ."

ಒಪ್ಪಂದಕ್ಕೆ ಸಹಿಯಾಯಿತು, ದತ್ತು ಅಲ್ಲಿಗೇ ನಿಂತಿತು. ಸ್ಮೃತಿ ಒತ್ತಾಯಿಸಲಿಲ್ಲ. ಸುಗಂಧಿಯ ಹಟ ಅವಳಿಗೆ ಗೊತ್ತಿತ್ತು. ನೀನು ಯಾರು ಎಂದು ಜೀವಮಾನವೆಲ್ಲ ಕೇಳಿಸಿಕೊಂಡವಳಿಗೆ, ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರ ಮುಂದೆ ಕೂತು ಅದಕ್ಕೆ ಉತ್ತರ ಕೊಡುವುದು ಬೇಕಿರಲಿಲ್ಲ. ಗಾರ್ಗಿ ತೆವಳಿದಳು, ನಡೆದಳು, ಮಾತು ಕಲಿತಳು. ಕನ್ನಡ, ತುಳು ಎರಡೂ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪೆ ಎಂಬುದೊಂದನ್ನು ಬಿಟ್ಟು.

ಹೋದ ಚಳಿಗಾಲದಲ್ಲಿ ಸ್ಮೃತಿಯ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಆಸ್ಪತ್ರೆಯವರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಒಂದು ಸಂಜೆ ಸ್ಮೃತಿ ಸ್ಪೀಕರಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದಳು. ಸುಗಂಧಿ ನೆಲದ ಮೇಲೆ ಕೂತು ಗಾರ್ಗಿಯ ತಲೆ ಬಾಚುತ್ತಿದ್ದಳು.

"ಹೆದರ್ಕೋ ಬೇಡ ಪುಟ್ಟ," ಎಂದರು ವೇದವತಿ. ಅವರ ದನಿಯೂ ಒದ್ದೆಯಾಗಿತ್ತು. "ಏನೇ ಆದ್ರೂ ಮಗೂನ ನಾನು ಮೈಸೂರಿಗೆ ಕರ್ಕೊಂಡ್ಬಂದು ಸಾಕ್ತೀನಿ. ನಿನ್ನ ತಮ್ಮ ವಿನಾಯಕ ಇದಾನೆ. ಅನಾಥ ಆಗೋಕೆ ಬಿಡ್ತೀವಾ?"

ಬಾಚಣಿಗೆ ಕೂದಲಲ್ಲೇ ನಿಂತಿತು.

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅದೇ ಸುಗಂಧಿಯ ಎದೆಗೆ ಇಳಿದದ್ದು. ಅಜ್ಜಿ ಪ್ರೀತಿಯಿಂದಲೇ ಹೇಳಿದ್ದರು. ಸ್ಮೃತಿ ಇಲ್ಲವಾದರೆ ಈ ಮಗುವಿಗೆ ಲಂಡನ್ನಿನಲ್ಲಿ ಯಾರೂ ಇಲ್ಲ ಎಂಬುದು ಅವರಿಗೆ ಎಷ್ಟು ಸಹಜವೆಂದರೆ, ಅದನ್ನು ಸುಗಂಧಿ ಕೇಳಿಸಿಕೊಳ್ಳಬಹುದು ಎಂಬ ಸಂಕೋಚವೂ ಅವರಿಗಿರಲಿಲ್ಲ.

"ಓಚ್, ಅಪ್ಪೆ!" ಎಂದಳು ಗಾರ್ಗಿ.

ಗಂಟು ಕೆಟ್ಟದ್ದಲ್ಲ ಎಂದು ತಿಳಿದು ಎಲ್ಲರೂ ಉಸಿರು ಬಿಟ್ಟರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಸುಗಂಧಿ ವಕೀಲರಿಗೆ ಫೋನು ಮಾಡಿದಳು.

"ಬರ್ಲಿಕ್ಕೆ ಹೇಳಿ ಕೌನ್ಸಿಲ್ಲಿನವರಿಗೆ," ಎಂದಳು. "ಅಡುಗೆಮನೆ ಗುಡಿಸಿಟ್ಟಿದ್ದೇನೆ."

*

ಕೌನ್ಸಿಲ್ಲಿನಿಂದ ಬಂದವಳು ಪೌಲೆಟ್ ಎಂಬ ಐವತ್ತು ದಾಟಿದ ಸೋಶಿಯಲ್ ವರ್ಕರ್. ಮೊಣಕಾಲು ನೋವೆಂದು ನಿಧಾನ ನಡೆಯುತ್ತಿದ್ದಳು, ನಿಧಾನ ಕೇಳುತ್ತಿದ್ದಳು, ಉತ್ತರ ಬಂದ ಮೇಲೂ ಸ್ವಲ್ಪ ಕಾಯುತ್ತಿದ್ದಳು. ರೋಷನ್ನನ್ನು ಕಂಡು ಮಾತಾಡಿದಳು. ಅವನು ಸಂತೋಷದಿಂದ ಒಪ್ಪಿಗೆ ಕೊಟ್ಟ. ಐತಪ್ಪನನ್ನು ಕಾಣಲು ಕಿಂಗ್ಸ್‌ಬರಿಗೂ ಹೋಗಿ ಎರಡು ನೀರುದೋಸೆ ತಿಂದು ಬಂದಳು. ಕೊನೆಯ ಭೇಟಿಗೆ ಕ್ರೋಯ್ಡನ್ನಿನ ಫ್ಲಾಟಿಗೆ ಬರುವ ಹೊತ್ತಿಗೆ ವೇದವತಿ ಮೈಸೂರಿನಿಂದ ಬಂದಿಳಿದಿದ್ದರು.

ವೇದವತಿಯ ವಿಷಯದಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಮೊಮ್ಮಗಳಿಗೆ ಬಿಸಿ ಸಾರನ್ನ ಕಲಸಿ ತಿನ್ನಿಸುತ್ತಿದ್ದರು, ಹಾಡು ಹೇಳಿ ಮಲಗಿಸುತ್ತಿದ್ದರು. ಸುಗಂಧಿಗೂ ಊಟದ ಡಬ್ಬಿ ಕಟ್ಟಿಡುತ್ತಿದ್ದರು. ಆದರೆ ಅವಳನ್ನು ಕರೆಯುತ್ತಿದ್ದದ್ದು "ನೋಡಿ ಸುಗಂಧಿ" ಎಂದು, ಬಹುವಚನದಲ್ಲಿ, ಬ್ಯಾಂಕಿನ ಕೌಂಟರಿನ ಆಚೆ ನಿಂತ ಗಿರಾಕಿಯನ್ನು ಕರೆದ ಹಾಗೆ. ಸುಗಂಧಿಯೂ ಬಿಡುವವಳಲ್ಲ. "ಹೌದಾ ಅತ್ತೆ?" "ಸಾರು ಚೆನ್ನಾಗಿ ಉಂಟು ಅತ್ತೆ." ಹೇಳಿದಾಗಲೆಲ್ಲ ಆ ಅತ್ತೆಯ ಮೇಲೆ ಸ್ವಲ್ಪ ಭಾರ ಹಾಕುತ್ತಿದ್ದಳು. ವೇದವತಿ ಅದೊಂದು ಶಬ್ದ ಮಾತ್ರ ಕಿವಿಗೆ ಬೀಳದವರ ಹಾಗೆ ಇರುತ್ತಿದ್ದರು.

ಪೌಲೆಟ್ ಕೋಡುಬಳೆ ಮುರಿಯುತ್ತ ವೇದವತಿಯನ್ನು ಕೇಳಿದಳು: ಸುಗಂಧಿ ಈ ಮನೆಯಲ್ಲಿ ಯಾರು, ನಿಮ್ಮ ಮಾತಿನಲ್ಲಿ ಹೇಳಿ.

ವೇದವತಿ ಸೆರಗು ಸರಿಮಾಡಿಕೊಂಡರು. "ಫ್ಯಾಮಿಲಿ ಫ್ರೆಂಡ್," ಎಂದರು ಇಂಗ್ಲಿಷಿನಲ್ಲಿ, ನಗುನಗುತ್ತ. "ವೆರಿ ಹೆಲ್ಪ್‌ಫುಲ್ ಗರ್ಲ್."

"ಅಮ್ಮಾ!" ಎಂದಳು ಸ್ಮೃತಿ. ಮುಖ ಕೆಂಪಗಾಗಿತ್ತು. "ಏನಮ್ಮ ನೀನು..."

"ಯಾಕೆ, ಒಳ್ಳೇದೇ ಹೇಳಿದ್ನಲ್ಲ?"

ಪೌಲೆಟ್‌ಳ ಪೆನ್ನು ಗಾಳಿಯಲ್ಲಿ ನಿಂತಿತ್ತು. ಮಗುವಿನ ಸ್ವಂತ ಅಜ್ಜಿಯೇ ಅರ್ಜಿದಾರಳನ್ನು ಒಪ್ಪಿಲ್ಲ ಎಂದು ಬರೆಯಬೇಕೋ, ವಯಸ್ಸಾದವರ ಮಾತು ಎಂದು ಬಿಡಬೇಕೋ, ಎಂಬಂತೆ ಅವಳು ಸುಗಂಧಿಯ ಕಡೆ ನೋಡಿದಳು. ಸುಗಂಧಿಗೆ ನಲವತ್ತೊಂದು ವರ್ಷ. ಹೆಲ್ಪ್‌ಫುಲ್ ಗರ್ಲ್! ಅವಳಿಗೆ ಮೊದಲು ಬಂದದ್ದು ನಗು. ಅದರ ಹಿಂದೆಯೇ ಇನ್ನೊಂದು ಬಂತು. ಅದಕ್ಕೆ ಹೆಸರಿಡುವ ಮೊದಲೇ ಅವಳು ಮಾತಾಡಿದ್ದಳು.

"ಅದನ್ನು ಬರೆದುಕೊಳ್ಳಿ ಪೌಲೆಟ್," ಎಂದಳು. "ಒಂದು ಅಕ್ಷರ ಬಿಡಬೇಡಿ. ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಅರ್ಜಿ ಹಾಕಿದ್ದು ಅಂತ ನೀವು ಮೊದಲ ದಿನ ಕೇಳಿದ್ರಲ್ಲ. ನನ್ನ ಉತ್ತರ ಇದೇ. ನನ್ನನ್ನು ಪ್ರೀತಿಯಿಂದ ನೋಡಿಕೊಳ್ಳುವವರಿಗೇ ನಾನು ಯಾರು ಅಂತ ಗೊತ್ತಿಲ್ಲ. ನನ್ನ ಮಗಳಿಗೆ ಈ ಪ್ರಶ್ನೆಯನ್ನು ಇನ್ನೊಬ್ಬರು ಕೇಳುವ ಹಾಗೆ ಆಗಬಾರದು."

ಪೌಲೆಟ್ ಬರೆದುಕೊಂಡಳು. ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುವಾಗ ಗಾರ್ಗಿ ಅವಳ ಮುಂದೆ ಕೂತು, ಯಾವ ಕಾಲಿಗೆ ಯಾವುದು ಎಂದು ತೋರಿಸಿಕೊಟ್ಟಳು. "ಮೈ ಅಪ್ಪೆ ಟೀಚಸ್ ಮಿ," ಎಂದಳು. "ಶಿ ಡ್ರೈವ್ಸ್ ದ ಟ್ರಾಮ್."

ಕೆಲವು ವಾರದ ಮೇಲೆ ವಕೀಲರಿಂದ ಸುದ್ದಿ ಬಂತು. ನ್ಯಾಯಾಲಯ ಒಪ್ಪಿಗೆ ಕೊಡಬೇಕೆಂದೇ ಕೌನ್ಸಿಲ್ ಹೇಳಿದೆ. ಕೊನೆಯ ವಿಚಾರಣೆಗೆ ಜುಲೈಯಲ್ಲಿ ದಿನ ಗೊತ್ತಾಗಿದೆ. ಸ್ಮೃತಿ ದಿನಾಂಕ ಗಟ್ಟಿಯಾಗಿ ಓದಿದಳು. ವೇದವತಿ ಗೋಡೆಗೆ ನೇತುಹಾಕಿದ್ದ ಮೈಸೂರಿನ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ಆಷಾಢ," ಎಂದರು.

*

ಆ ದಿನ ಶುರುವಾದ ವಾದ ವಿಚಾರಣೆಯ ಹಿಂದಿನ ಸಂಜೆಯವರೆಗೂ ಮುಗಿದಿರಲಿಲ್ಲ. ಸುಗಂಧಿ ಟ್ರಾಮು ಬಿಟ್ಟು ಮನೆಗೆ ಬಂದಾಗ ಸ್ಮೃತಿ ಒಲೆಯ ಮುಂದೆ ನಿಂತು ಹೇಳುತ್ತಿದ್ದಳು: "ಅಮ್ಮ, ಕೋರ್ಟಿಗೆ ಪಂಚಾಂಗ ಇಲ್ಲ. ದಿನ ಬದಲಾಯಿಸಿದ್ರೆ ಮತ್ತೆ ಎಷ್ಟು ತಿಂಗಳು ಕಾಯ್ಬೇಕೋ."

"ಕಾದ್ರೇನಂತೆ? ಮಗು ಎಲ್ಲಿಗೆ ಓಡಿಹೋಗತ್ತೆ?"

"ಹೋದ ಸಲಾನೂ ಹಿಂಗೇ ಅಂದ್ಕೊಂಡ್ವಿ."

"ಹೋದ ಸಲ ನಾನು ಸಹಿ ಮುಂದಕ್ಕೆ ಹಾಕು ಅಂದೆ. ಮಗೂನ ಸಹಿಗಿಂತ ಮುಂಚೇನೇ ಮಾಡ್ಕೋ ಅಂದ್ನಾ?"

ಸ್ಮೃತಿಗೆ ನಗು ತಡೆಯಲಾಗಲಿಲ್ಲ, ವೇದವತಿಗೂ. ನಗು ಮುಗಿದ ಮೇಲೆ ಸ್ಮೃತಿ ಸೌಟು ಕೆಳಗಿಟ್ಟು ತಾಯಿಯ ಭುಜ ಹಿಡಿದುಕೊಂಡಳು. "ಈ ಸಲ ಇಲ್ಲ ಅಮ್ಮ. ನಾವು ಹೋಗ್ತೀವಿ. ನೀನು ಬಂದ್ರೆ ಬಾ, ಇಲ್ದಿದ್ರೆ ಬೇಡ."

ಬೆಳಿಗ್ಗೆ ಐತಪ್ಪ ಕಿಂಗ್ಸ್‌ಬರಿಯಿಂದ ಹೊರಟು ವಿಕ್ಟೋರಿಯಾದಲ್ಲಿ ಎರಡು ಸಲ ದಾರಿ ತಪ್ಪಿ, "ಎಂತ ಟ್ರೈನಪ್ಪ ಇದು, ಎಲ್ಲ ಬೋರ್ಡಲ್ಲೂ ಕ್ರೋಯ್ಡನ್ ಅಂತ ಉಂಟು," ಎಂದು ಫೋನು ಮಾಡಿದರು. ಅವರನ್ನು ಕರೆತರಲು ಸ್ಮೃತಿ ಮೊದಲೇ ಸ್ಟೇಷನ್ನಿಗೆ ಹೋದಳು. ನ್ಯಾಯಾಲಯ ಸ್ಟೇಷನ್ನಿನ ಹತ್ತಿರವೇ. ಎಲ್ಲರೂ ಅಲ್ಲಿ ಸೇರುವುದೆಂದು ಮಾತಾಗಿತ್ತು.

ಸುಗಂಧಿ ತಾಯಿಯ ಉಡುಪಿ ಸೀರೆ ಉಟ್ಟಳು. ನೆರಿಗೆ ಹಿಡಿದು ಎಷ್ಟೋ ಕಾಲವಾಗಿತ್ತು. ಎರಡು ಸಲ ಬಿಚ್ಚಿ ಉಟ್ಟಳು. ಗಾರ್ಗಿ ಹಳದಿ ಫ್ರಾಕಿನಲ್ಲಿ ತಯಾರಾಗಿ ನಿಂತು, ಜಡ್ಜ್ ಬಳಿ ಗಂಟೆ ಇರುತ್ತದೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಇಬ್ಬರೂ ಲಿಫ್ಟಿಗೆ ಹೋದಾಗ ವೇದವತಿಯೂ ಮನೆಯ ಚಪ್ಪಲಿಯಲ್ಲೇ ಹಿಂದೆ ಬಂದು ಹತ್ತಿದರು. ಕಟ್ಟಡದ ಹೊರಗೆ ಬಂದು, ಗಾಜಿನ ಬಾಗಿಲು ಮುಚ್ಚಿದ ಮೇಲೆ ಸುಗಂಧಿಯ ಮೊಣಕೈ ಹಿಡಿದುಕೊಂಡರು.

"ನೋಡು ಸುಗಂಧಿ."

ನೋಡು. ಸುಗಂಧಿ ನಿಂತಳು.

"ಆವತ್ತು ಆ ಕೌನ್ಸಿಲ್ಲಿನವಳ ಮುಂದೆ ಫ್ರೆಂಡ್ ಅಂದೆ. ಬಾಯಿಗೆ ಬಂದಿದ್ದು ಅದು. ಈಗ ನಿಂಗೆ ಮಾತು ಕೊಡ್ತೀನಿ, ಕೇಳು. ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸ್ಕೋ. ಮಗೂಗೆ ಜ್ವರ ಅನ್ನು, ನಂಗೆ ಹುಷಾರಿಲ್ಲ ಅನ್ನು, ಏನಾದ್ರೂ ಅನ್ನು. ಶ್ರಾವಣ ಬರಲಿ. ರೇಷ್ಮೆ ಸೀರೆ ಉಟ್ಕೊಂಡು ನಾನೇ ಬರ್ತೀನಿ. ಆ ಜಡ್ಜ್ ಮುಂದೆ ನಿಂತ್ಕೊಂಡು ಹೇಳ್ತೀನಿ, ಇವಳು ನನ್ನ ಸೊಸೆ, ಈ ಮಗೂಗೆ ಇವಳೂ ತಾಯೀನೇ ಅಂತ. ವಿನಾಯಕಂಗೂ ಹೇಳ್ತೀನಿ. ನಮ್ಮ ಕಡೆಯವರಿಗೆಲ್ಲಾ ಹೇಳ್ತೀನಿ. ಸಾಕಾ?"

ಅವರ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ ಅದು. ಸುಗಂಧಿಗೆ ಅದು ಗೊತ್ತಾಯಿತು. ಸೊಸೆ. ಆ ಶಬ್ದಕ್ಕಾಗಿ ಅವಳು ಎಷ್ಟು ವರ್ಷ ಅತ್ತೆ, ಅತ್ತೆ ಎಂದು ಮುಚ್ಚಿದ ಬಾಗಿಲು ತಟ್ಟಿದ್ದಳು! ಈಗ ಬಾಗಿಲು ತೆರೆದು, ಒಳಗೆ ಕೂತವರು ಕರೆಯುತ್ತಿದ್ದರು. ಒಂದು ಫೋನು ಮಾಡಿದರೆ ಸಾಕು. ಸ್ವಲ್ಪ ದಿನ ತಡೆದರೆ ಎಲ್ಲರೂ ಒಟ್ಟಿಗೆ, ರೇಷ್ಮೆ ಸೀರೆಯಲ್ಲಿ, ನಗುತ್ತ. ಅವಳ ಕಾಲು ಒಂದು ಕ್ಷಣ ಹಿಂದಕ್ಕೆ ಹೋಗಲು ನೋಡಿದ್ದು ನಿಜ.

ಆಗ ನೋಂದಣಿ ಕಚೇರಿಯ ಆ ಹೆಂಗಸು ಮಗುವಿನ ಕಾಲು ಬಿಟ್ಟದ್ದು ನೆನಪಾಯಿತು. ಕೂದಲಲ್ಲಿ ನಿಂತುಹೋದ ಬಾಚಣಿಗೆ ನೆನಪಾಯಿತು. ಮದುವೆಯ ಸಹಿಯ ಸಲವೂ ಅತ್ತೆ ಕೇಳಿದ್ದು ಒಂದೇ ಒಂದು ಮಾತು, ತಾವಿಬ್ಬರೂ ಕೊಟ್ಟದ್ದು ಪ್ರೀತಿಯಿಂದಲೇ.

"ಅತ್ತೆ, ನನಗೊಂದು ಡೌಟು," ಎಂದಳು ಸುಗಂಧಿ. "ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತಾರಲ್ಲ ನಿಮ್ಮ ಕಡೆ?"

ವೇದವತಿಗೆ ಈ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. "ಹೂಂ. ಹೇಳ್ತಾರೆ. ಸೊಸೇನ ತೌರಿಗೆ ಕಳಿಸ್ತಾರೆ."

"ಆಷಾಢ ಬಂದಾಗಿಂದ ನಾವಿಬ್ರೂ ಒಂದೇ ಮನೇಲಿದ್ದೇವೆ. ಒಂದೇ ಬಾಗಿಲಲ್ಲಿ ಓಡಾಡ್ತೇವೆ, ಒಂದೇ ಲಿಫ್ಟಲ್ಲಿ ಇಳೀತೇವೆ. ಈಗ ತಾನೇ ಇಳಿದು ಬಂದೆವು. ಕಿಂಗ್ಸ್‌ಬರಿಗೆ ಹೋಗು ಅಂತ ನನಗೆ ಒಂದು ದಿನ ಹೇಳ್ಲಿಲ್ಲ ನೀವು. ಯಾಕೆ?"

ವೇದವತಿಯ ಕೈ ಸುಗಂಧಿಯ ಮೊಣಕೈಯಿಂದ ಸಡಿಲವಾಯಿತು.

"ನನ್ನನ್ನು ಕೋರ್ಟಿಗೆ ಹೋಗದ ಹಾಗೆ ನಿಲ್ಲಿಸ್ಲಿಕ್ಕೆ ಆಷಾಢ ಉಂಟು," ಎಂದಳು ಸುಗಂಧಿ. ದನಿ ಏರಲಿಲ್ಲ. "ಸೊಸೆ ಅಂತ ಲೆಕ್ಕ ಹಿಡೀಲಿಕ್ಕೆ ಇಲ್ಲ. ಯಾವುದಾದ್ರೂ ಒಂದು ಮಾಡಿ ಅತ್ತೆ. ಒಂದೋ ನಾನು ಸೊಸೆ, ಹಾಗಾದ್ರೆ ನಾವಿಬ್ರೂ ಆಗಲೇ ಹೊಸಿಲು ದಾಟಿ ಆಯ್ತು, ಆಗುವ ದೋಷ ಆಗಿಹೋಯ್ತು, ಇನ್ನು ಹೆದರ್ಲಿಕ್ಕೆ ಏನೂ ಉಳಿದಿಲ್ಲ. ಇಲ್ಲಾ ನಾನು ಫ್ರೆಂಡು, ಹೆಲ್ಪ್‌ಫುಲ್ ಗರ್ಲ್. ಫ್ರೆಂಡಿಗೆ ಎಂತ ಆಷಾಢ?"

"ಬಾಯಿ ಜೋರು ನಿಂದು," ಎಂದರು ವೇದವತಿ. ಸಿಟ್ಟಿಗಿಂತ ಸೋಲು ಹೆಚ್ಚಾಗಿತ್ತು ಅದರಲ್ಲಿ. "ನಾನು ಒಳ್ಳೇದಕ್ಕೇ ಹೇಳೋದು."

"ಹೋದ ಸಲಾನೂ ಒಳ್ಳೇದಕ್ಕೇ ಹೇಳಿದ್ರಿ. ನಾನೂ ಒಳ್ಳೇದಕ್ಕೇ ಒಪ್ಪಿದೆ. ನಾಲ್ಕು ವರ್ಷ ನನ್ನ ಮಗಳ ಹುಟ್ಟಿದ ಚೀಟಿಯಲ್ಲಿ ನನ್ನ ಹೆಸರಿಲ್ಲ." ಸುಗಂಧಿ ಗಾರ್ಗಿಯ ಕೈ ಹಿಡಿದಳು. ಬೆರಳುಗಳಿಗೆ ಬಿಸ್ಕತ್ತಿನ ಪುಡಿ ಅಂಟಿತ್ತು. "ಶ್ರಾವಣದಲ್ಲಿ ಹೇಳ್ತೇನೆ ಅಂದ್ರಲ್ಲ, ಆ ಮಾತು ಇವತ್ತು ಹೇಳಿ. ಈ ಚಪ್ಪಲಿಯಲ್ಲೇ ಬನ್ನಿ, ಪರವಾಗಿಲ್ಲ. ರೇಷ್ಮೆ ಬೇಡ. ಅಪ್ಪ ನೀರುದೋಸೆ ತರ್ತಾ ಇದ್ದಾರೆ, ನಿಮಗೂ ಸೇರಿಸಿ."

ಈಸ್ಟ್ ಕ್ರೋಯ್ಡನ್ನಿನ ಕಡೆಯಿಂದ ಬಂದ ಟ್ರಾಮೊಂದು ನಿಧಾನವಾಗಿ ದಾಟಿಹೋಯಿತು. ಓಡಿಸುತ್ತಿದ್ದವನು ಸೀರೆಯುಟ್ಟ ಸುಗಂಧಿಯನ್ನು ಗುರುತು ಹಿಡಿಯದೆ, ಗಂಟೆಯನ್ನೂ ಬಾರಿಸದೆ ಹೋದ. ಗಾರ್ಗಿಗೆ ಅದರಿಂದ ಬೇಸರವಾಯಿತು.

"ಹಾಗಲ್ಲ ಕಣಮ್ಮ," ವೇದವತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿದರು. "ನೀನು ಹೇಳೋದು ಎಲ್ಲಾ ಸರಿ. ನಾನು ಇಲ್ಲ ಅಂತೀನಾ? ಅಮಾವಾಸ್ಯೆ ಒಂದು ಕಳೀಲಿ. ಇಷ್ಟು ವರ್ಷ ಕಾದಿದೀಯ, ಇನ್ನೆಷ್ಟು ದಿನ ಅದು? ಕಳೆದ ಮೇಲೆ ನೀನು ಹೇಳಿದ ಹಾಗೇ, ಎಲ್ಲರ ಮುಂದೇನೂ..."

ಸುಗಂಧಿ ನೆರಿಗೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಹೊರಟಳು. ಟ್ರಾಮಿಗೆ ಕಾಯಲಿಲ್ಲ, ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದಳು. ಈ ರಸ್ತೆಯನ್ನು ದಿನವೂ ಗಾಜಿನ ಒಳಗಿಂದ ನೋಡುವವಳಿಗೆ ಅದರ ಗಾಳಿ ಇವತ್ತು ಮುಖಕ್ಕೆ ಬಡಿಯುತ್ತಿತ್ತು. ಹಿಂದೆ ವೇದವತಿಯ ದನಿ ಬಂತು. ಮೊದಲು ಅಮಾವಾಸ್ಯೆ, ಆಮೇಲೆ ಶ್ರಾವಣದ ಶುಕ್ರವಾರ, ಆಮೇಲೆ ಅವಳ ಹೆಸರು, ಏಕವಚನದಲ್ಲಿ.

ಗಾರ್ಗಿ ಕುತ್ತಿಗೆ ತಿರುಗಿಸಿ ನೋಡುತ್ತ ನಡೆಯುತ್ತಿದ್ದಳು.

"ಅಪ್ಪೆ, ಅಜ್ಜಿ ಈಸ್ ಸ್ಟಿಲ್ ಟಾಕಿಂಗ್."

"ಮಾತಾಡ್ಲಿ ಮಗಾ," ಎಂದಳು ಸುಗಂಧಿ. ತಿರುಗಿ ನೋಡಲಿಲ್ಲ. "ನೀನು ಮುಂದೆ ನೋಡಿ ನಡಿ."